ಪಿ-ಮೌಲ್ಯ 0.03 ಬಂದಿದೆ, ಸಾಬೀತಾಯಿತಲ್ಲವೇ?

ಸಮಾಜಶಾಸ್ತ್ರ, ಶಿಕ್ಷಣಶಾಸ್ತ್ರಗಳಲ್ಲಿ ಪಿಎಚ್‌ಡಿ ಮಾಡುವವರು ಪದೇ ಪದೇ ಕೇಳುವ ಪ್ರಶ್ನೆ ಇದು. ಒಂದು ಉದಾಹರಣೆ ಇಟ್ಟುಕೊಳ್ಳೋಣ: ಗ್ರಂಥಾಲಯ ಇರುವ 10 ಹಳ್ಳಿ, ಇಲ್ಲದ 10 ಹಳ್ಳಿ, ಹಳ್ಳಿಗೆ 30ರಂತೆ 600 ಮಕ್ಕಳ ಓದಿನ ಪರೀಕ್ಷೆ. ಎರಡು ಗುಂಪುಗಳ ಸರಾಸರಿಯನ್ನು ಹೋಲಿಸುವ ಟಿ-ಟೆಸ್ಟ್ ಮಾಡಿದಾಗ ಪಿ-ಮೌಲ್ಯ 0.03 ಬಂತು.

ಇದರಿಂದ ಏನೂ ಸಾಬೀತಾಗುವುದಿಲ್ಲ. ಎರಡು ಬಗೆಯ ಹಳ್ಳಿಗಳ ನಡುವೆ ನಿಜಕ್ಕೂ ವ್ಯತ್ಯಾಸವೇ ಇಲ್ಲದಿದ್ದರೂ, ಇಷ್ಟು ಅಥವಾ ಇದಕ್ಕಿಂತ ದೊಡ್ಡ ಅಂತರ ಮಾದರಿಯ ಏರುಪೇರಿನಿಂದಲೇ ಕಾಣಿಸಿಕೊಳ್ಳುವ ಸಂಭವ ನೂರಕ್ಕೆ 3 ಎಂದಷ್ಟೇ ಅದರ ಅರ್ಥ. ನಿಮ್ಮ ಊಹೆ ನೂರಕ್ಕೆ 97ರಷ್ಟು ಸರಿ ಎಂದು ಓದುವುದು ದೊಡ್ಡ ತಪ್ಪು. ಪಿ-ಮೌಲ್ಯ ಇದಕ್ಕಿಂತ ಕೆಳಗೆ ಬಂದರೆ ಫಲಿತಾಂಶ ಗಮನಾರ್ಹ ಎನ್ನುವ 0.05ರ ಗೆರೆ ಕೂಡ ಸಂಖ್ಯಾಶಾಸ್ತ್ರಜ್ಞ ರೊನಾಲ್ಡ್ ಫಿಶರ್ 1925ರಲ್ಲಿ ಅನುಕೂಲಕ್ಕೆಂದು ಸೂಚಿಸಿದ್ದು.

ಆ 0.03 ಕೂಡ ಇಲ್ಲಿ ನಿಲ್ಲುವುದಿಲ್ಲ. ಒಂದೇ ಹಳ್ಳಿಯ ಮಕ್ಕಳಿಗೆ ಶಾಲೆ ಒಂದೇ, ಮೇಷ್ಟ್ರೂ ಒಬ್ಬರೇ. ಹಾಗಾಗಿ ಅವರ ಅಂಕಗಳು ಒಂದನ್ನೊಂದು ಹೋಲುತ್ತವೆ. ಟಿ-ಟೆಸ್ಟ್ ಮಾತ್ರ 600 ಮಕ್ಕಳೂ ಪರಸ್ಪರ ಸಂಬಂಧವಿಲ್ಲದವರು ಎಂದು ನಂಬಿ ಲೆಕ್ಕ ಹಾಕುತ್ತದೆ. ಈ ಹೋಲಿಕೆಯ ಅಳತೆಗೆ ಐಸಿಸಿ (ಇಂಟ್ರಾಕ್ಲಾಸ್ ಕೋರಿಲೇಷನ್) ಎನ್ನುತ್ತಾರೆ. ಅದು ಬರೀ 0.05 ಇದ್ದರೂ ವಿನ್ಯಾಸ ಪರಿಣಾಮ (ಹೋಲಿಕೆಯಿಂದಾಗಿ ಮಾಹಿತಿ ಎಷ್ಟು ಪಟ್ಟು ಕುಗ್ಗುತ್ತದೆ ಎಂಬ ಲೆಕ್ಕ) 1 + (30 − 1) × 0.05 = 2.45. 600ನ್ನು ಇದರಿಂದ ಭಾಗಿಸಿದರೆ ನಿಮ್ಮ ಕೈಯಲ್ಲಿರುವುದು 245 ಮಕ್ಕಳಷ್ಟು ಮಾಹಿತಿ. ಪಿ-ಮೌಲ್ಯ 0.17ರ ಆಸುಪಾಸಿಗೆ ಏರುತ್ತದೆ!

ದತ್ತಾಂಶ ಈಗಾಗಲೇ ಸಂಗ್ರಹವಾಗಿದ್ದರೆ ಅಂಕಿಅಂಶ ವಿಶ್ಲೇಷಣೆಯ ತಂತ್ರಾಂಶವಾದ ಎಸ್‌ಪಿಎಸ್‌ಎಸ್‌ನಲ್ಲಿ ಟಿ-ಟೆಸ್ಟ್ ಬಿಟ್ಟು, ಹಳ್ಳಿಯೊಳಗಿನ ಹೋಲಿಕೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುವ ಮಿಕ್ಸ್ಡ್ ಮಾಡೆಲ್ಸ್‌ಗೆ ಹೋಗಿ. ಹಳ್ಳಿಯ ಕೋಡನ್ನು ಸಬ್ಜೆಕ್ಟ್ಸ್‌ನಲ್ಲಿ ಹಾಕಿ, ರ‍್ಯಾಂಡಮ್ ಭಾಗದಲ್ಲಿ ಇಂಟರ್‌ಸೆಪ್ಟ್ ಸೇರಿಸಿ. ಸಮೀಕ್ಷೆ ಇನ್ನೂ ಶುರುವಾಗಿರದಿದ್ದರೆ ಹಳ್ಳಿಗಳ ಸಂಖ್ಯೆ ಹೆಚ್ಚಿಸಿ: 60 ಹಳ್ಳಿ, ತಲಾ 10 ಮಕ್ಕಳು ಎಂದರೆ ಅದೇ 600 ಮಕ್ಕಳಿಂದ 414ರಷ್ಟು ಮಾಹಿತಿ ಸಿಗುತ್ತದೆ. ಓಡಾಟದ ಖರ್ಚು ಏರುತ್ತದೆ, ನಿಜ. ಆದರೂ ಹಣವಿದ್ದರೆ ಅಲ್ಲೇ ಹಾಕಬೇಕು.

ಇನ್ನೊಂದು ಮಾತು. ಪ್ರಶ್ನಾವಳಿಯಲ್ಲಿರುವ, ಒಂದಕ್ಕೊಂದು ಸಂಬಂಧವಿಲ್ಲದ 20 ಅಂಶಗಳನ್ನು ಹೀಗೆ ಪರೀಕ್ಷಿಸಿದರೆ, ಎಲ್ಲೂ ವ್ಯತ್ಯಾಸ ಇಲ್ಲದಿದ್ದರೂ ಒಂದಾದರೂ 0.05ರ ಕೆಳಗೆ ಬರುವ ಸಂಭವ ನೂರಕ್ಕೆ 64. ಮುಖ್ಯ ಪ್ರಶ್ನೆ ಯಾವುದೆಂದು ಹಳ್ಳಿಗೆ ಹೋಗುವ ಮೊದಲೇ ಬರೆದಿಡಿ. ಪ್ರಬಂಧದಲ್ಲಿ ಎಷ್ಟು ಅಂಶಗಳನ್ನು ಪರೀಕ್ಷಿಸಿದಿರಿ, ಅಂತರ ಎಷ್ಟು ಅಂಕ, ಅದರ 95% ವಿಶ್ವಾಸಾಂತರ (ನಿಜವಾದ ಅಂತರ ಇರಬಹುದಾದ ವ್ಯಾಪ್ತಿ) ಎಲ್ಲಿಂದ ಎಲ್ಲಿಯವರೆಗೆ, ಐಸಿಸಿ ಎಷ್ಟು ಎಂಬುದನ್ನು ಪಿ-ಮೌಲ್ಯದ ಪಕ್ಕದಲ್ಲೇ ಕೊಡಿ.