ಮೀಟರಿನ ಕೆಂಪು ದೀಪ

ಸಂಬಳ ಕಡಿತದ ಪತ್ರ ಕೈಗೆ ಬಂದು ಏಳು ವಾರವಾಗಿತ್ತು. ಮನೆಯಲ್ಲಿ ನಾನು ಬಾಯಿ ಬಿಟ್ಟಿರಲಿಲ್ಲ.

2008ರ ಸೆಪ್ಟೆಂಬರ್ 15ರಂದು ಲೇಮನ್ ಬ್ರದರ್ಸ್ ಎಂಬ ಅಮೆರಿಕದ ಹೂಡಿಕೆ ಬ್ಯಾಂಕು ದಿವಾಳಿ ಅರ್ಜಿ ಹಾಕಿತೆಂದು ಪತ್ರಿಕೆಯಲ್ಲಿ ಓದಿದಾಗ, ಅದು ಯಾರದೋ ಮನೆಯ ಸುದ್ದಿ ಎಂದುಕೊಂಡು ಪುಟ ಮಗುಚಿದ್ದೆ. ಆರು ತಿಂಗಳೊಳಗೆ ಆ ಸುದ್ದಿ ನಮ್ಮ ಕಚೇರಿಯ ಮೆಟ್ಟಿಲು ಹತ್ತಿತು. ಪಕ್ಕದ ಮೇಜುಗಳು ಒಂದೊಂದಾಗಿ ಖಾಲಿಯಾದವು. ನನ್ನ ಕೆಲಸ ಉಳಿಯಿತು, ಸಂಬಳದಲ್ಲಿ ಶೇಕಡ 30ರಷ್ಟು ಹೋಯಿತು. ಕೆಲಸವೇ ಹೋದವರ ಮುಖ ನೋಡಿದ ಮೇಲೆ ದುಃಖಪಡುವುದಕ್ಕೂ ನನಗೆ ಹಕ್ಕಿಲ್ಲ ಅನ್ನಿಸಿತ್ತು.

ಹೇಳದೆ ಉಳಿದದ್ದಕ್ಕೆ ಕಾರಣ ಅಹಂಕಾರವೇನಲ್ಲ. ಇನ್ನೊಂದು ತಿಂಗಳಲ್ಲಿ ಎಲ್ಲ ಸರಿಹೋಗಬಹುದು, ಸುಮ್ಮನೆ ಇವರ ನಿದ್ದೆಯನ್ನೂ ಏಕೆ ಕೆಡಿಸಲಿ ಎಂಬ ಯೋಚನೆ. ಮನೆಯ ಖರ್ಚು ಮೊದಲಿನಂತೆಯೇ ನಡೆಯಬೇಕಲ್ಲ, ಅದಕ್ಕೆ ಕ್ರೆಡಿಟ್ ಕಾರ್ಡ್ ಇತ್ತು. ಬಿಲ್ಲು ಬಂದಾಗ ‘ಕನಿಷ್ಠ ಪಾವತಿ’ ಎಂದು ಬರೆದಿರುವಷ್ಟನ್ನು ಕಟ್ಟಿ ನಿಟ್ಟುಸಿರು ಬಿಡುತ್ತಿದ್ದೆ. ಬಾಕಿಯ ಶೇಕಡ 5ರಷ್ಟು ಕಟ್ಟಿದರೆ ಅದರಲ್ಲಿ 3 ಪಾಲು ಆ ತಿಂಗಳ ಬಡ್ಡಿಗೇ ಹೋಗುತ್ತದೆ, ಅಸಲು ಇಳಿಯುವುದು ಬರೀ 2 ಪಾಲು. ಅದರ ಮೇಲೆ ಹೊಸ ಖರ್ಚನ್ನೂ ಅದೇ ಕಾರ್ಡಿಗೆ ಹಾಕುತ್ತಿದ್ದೆ. ತೂತು ಮಡಕೆಗೆ ನೀರು ತುಂಬುವುದೆಂದರೆ ಏನೆಂದು ನನಗೆ ಆಗ ಗೊತ್ತಾಯಿತು.

ಒಂದು ಶನಿವಾರ ಮಗಳು ಶಾಲಾ ಪ್ರವಾಸದ ಒಪ್ಪಿಗೆ ಚೀಟಿ ತಂದು ಮುಂದಿಟ್ಟಳು. ಸಹಿ ಹಾಕಲು ಪೆನ್ನು ಹಿಡಿದೆ. ಕೈ ಮುಂದೆ ಹೋಗಲಿಲ್ಲ. ಹೆಂಡತಿ ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಮಗಳು ಮಲಗಿದ ಮೇಲೆ ಬಂದು ಎದುರು ಕುಳಿತಳು. “ಎರಡು ತಿಂಗಳಿಂದ ನೀವು ನಿದ್ದೆ ಮಾಡುತ್ತಿಲ್ಲ. ಏನೆಂದು ಹೇಳಿ” ಎಂದಳು. ಹೇಳಿದೆ. ಕಾರ್ಡಿನ ಬಾಕಿಯನ್ನೂ ಹೇಳಿದೆ. ಆ ಮೊತ್ತ ಬಾಯಿಂದ ಹೊರಬೀಳುವಾಗ ಗಂಟಲು ಕಟ್ಟಿತು. ಅವಳು ಎದ್ದು ಒಳಗೆ ಹೋದಳು. ಬೇಸರಗೊಂಡು ಹೋದಳೆಂದು ನಾನು ಕುಳಿತಲ್ಲೇ ಕುಳಿತೆ. ಮಗಳ ಹಳೆಯ ಗಣಿತದ ನೋಟುಪುಸ್ತಕ ಹಿಡಿದು ಮರಳಿ ಬಂದಳು. ಅರ್ಧಕ್ಕಿಂತ ಹೆಚ್ಚು ಹಾಳೆ ಖಾಲಿ ಇದ್ದವು. ಸ್ಕೇಲು ಇಟ್ಟು ನಡುವೆ ಗೆರೆ ಎಳೆದು, “ಮೊದಲು ಬರೆಯೋಣ, ಆಮೇಲೆ ಅಳೋಣ” ಎಂದಳು.

ಮರುದಿನ ಭಾನುವಾರವೆಲ್ಲ ಬರೆದೆವು. ಮೂರು ತಿಂಗಳ ಬ್ಯಾಂಕ್ ವಿವರಪಟ್ಟಿಯನ್ನು ಸಾಲುಸಾಲಾಗಿ ನೋಡಿದೆವು. ದೊಡ್ಡ ಖರ್ಚುಗಳೆಲ್ಲ ನನಗೆ ನೆನಪಿದ್ದವು. ತಾವಾಗಿಯೇ ಕಡಿತವಾಗುತ್ತಿದ್ದ ಸಣ್ಣ ಮೊತ್ತಗಳೇ ಮರೆತುಹೋಗಿದ್ದವು. ಯಾರೂ ಬಿಡಿಸದ ಮಾಸಪತ್ರಿಕೆಯ ಚಂದಾ, ನಾನು ಕಾಲಿಡುವುದನ್ನೇ ಬಿಟ್ಟಿದ್ದ ವ್ಯಾಯಾಮಶಾಲೆ, ಎರಡನೆಯ ದೂರವಾಣಿ ಸಂಪರ್ಕ. ಅವನ್ನೆಲ್ಲ ಕೆಂಪು ಶಾಯಿಯಲ್ಲಿ ಹೊಡೆದುಹಾಕಿದೆವು. ಅದೇ ಉತ್ಸಾಹದಲ್ಲಿ ನಾನು ಆರೋಗ್ಯ ವಿಮೆಯ ಕಂತಿನ ಮೇಲೂ ಗೆರೆ ಎಳೆಯಲು ಹೊರಟೆ. ಅವಳು ಕೈ ಹಿಡಿದುಕೊಂಡಳು. ಒಬ್ಬರು ಆಸ್ಪತ್ರೆ ಸೇರಿದರೆ ಈ ಪುಸ್ತಕಕ್ಕೇ ಅರ್ಥವಿರುವುದಿಲ್ಲ ಎಂದಳು. ಅವಳ ಮಾತೇ ಸರಿ. ಕಷ್ಟಕಾಲದಲ್ಲಿ ಮೊದಲು ಕಣ್ಣಿಗೆ ಬೀಳುವ ಖರ್ಚು ವಿಮೆಯದು, ಕೊನೆಯವರೆಗೂ ಕೈ ಹಚ್ಚಬಾರದ್ದೂ ಅದೇ.

ಹೆಚ್ಚು ವಾದವಾದದ್ದು ಠೇವಣಿಯ ವಿಷಯಕ್ಕೆ. ಎರಡು ತಿಂಗಳ ಖರ್ಚಿಗಾಗುವಷ್ಟು ಹಣ ಬ್ಯಾಂಕಿನಲ್ಲಿತ್ತು. ಅದಕ್ಕೆ ಸಿಗುತ್ತಿದ್ದ ಬಡ್ಡಿ ವರ್ಷಕ್ಕೆ ಶೇಕಡ 8. ಕಾರ್ಡಿನ ಬಡ್ಡಿ ತಿಂಗಳಿಗೆ ಶೇಕಡ 3. ಕೇಳಲು ಚಿಕ್ಕದು, ಚಕ್ರಬಡ್ಡಿಯಾಗಿ ವರ್ಷಕ್ಕೆ ಲೆಕ್ಕ ಹಾಕಿದರೆ ಶೇಕಡ 42 ದಾಟುತ್ತದೆ. ಏನೂ ಕಟ್ಟದೆ ಬಿಟ್ಟರೆ ಎರಡು ವರ್ಷದೊಳಗೆ ಸಾಲ ಇಮ್ಮಡಿಯಾಗುತ್ತದೆ. ಹೀಗಿದ್ದೂ ಠೇವಣಿ ಮುರಿಯಲು ನನಗೆ ಮನಸ್ಸಿರಲಿಲ್ಲ. “ಅದು ಕಷ್ಟಕಾಲಕ್ಕೆಂದು ಇಟ್ಟದ್ದು” ಎಂದೆ. “ಮತ್ತೆ ಇದು ಯಾವ ಕಾಲ?” ಎಂದಳು. ಒಂದು ತಿಂಗಳ ಖರ್ಚಿನಷ್ಟನ್ನು ಮುಟ್ಟದೆ ಇಟ್ಟು, ಉಳಿದದ್ದನ್ನು ಕಾರ್ಡಿಗೆ ಕಟ್ಟುವುದೆಂದು ಕೊನೆಗೆ ತೀರ್ಮಾನವಾಯಿತು. ಕಾರ್ಡು ಬೀರುವಿನ ಒಳಗಿನ ಡ್ರಾಯರು ಸೇರಿತು.

ಮನೆ ಸಾಲದ ಕಂತನ್ನು ಕೆಲವು ತಿಂಗಳು ಮುಂದೂಡಿಸಿಕೊಂಡರೆ ಹೇಗೆ ಎಂಬ ಮಾತೂ ಬಂತು. ಶೇಕಡ 9ರ ಬಡ್ಡಿಯ 20 ವರ್ಷದ ಸಾಲದಲ್ಲಿ ಮೊದಲ ಕಂತಿನ ಪ್ರತಿ 100ರಲ್ಲಿ ಸುಮಾರು 83 ಬಡ್ಡಿಗೇ ಹೋಗುತ್ತದೆ. ನಾವಿನ್ನೂ ಆ ಆರಂಭದ ವರ್ಷಗಳಲ್ಲೇ ಇದ್ದೆವು. ಕಟ್ಟದೆ ಬಿಟ್ಟ ಬಡ್ಡಿ ಅಸಲಿಗೆ ಸೇರಿ ತಾನೂ ಬಡ್ಡಿ ಹುಟ್ಟಿಸುತ್ತದೆ. ಆ ಬಾಗಿಲನ್ನು ತಟ್ಟಲಿಲ್ಲ.

ಸಂಜೆಯ ಹೊತ್ತಿಗೆ ಮಗಳು ಮೇಜಿನ ಪಕ್ಕ ಬಂದು ನಿಂತಿದ್ದಳು. ಹನ್ನೊಂದು ವರ್ಷದವಳು. ತನ್ನ ನೋಟುಪುಸ್ತಕದಲ್ಲಿ ನಮ್ಮ ಅಕ್ಷರ ಕಂಡ ಮೇಲೆ ಮುಚ್ಚಿಡುವುದೇನಿತ್ತು? ವಿಷಯ ಹೇಳಿದೆವು. “ನಾನು ಏನು ಬಿಡಬೇಕು?” ಎಂದು ಕೇಳಿದಳು. ಕಣ್ಣಲ್ಲಿ ನೀರಿರಲಿಲ್ಲ, ದನಿಯೂ ನಡುಗಲಿಲ್ಲ. ನನಗೇ ಮಾತು ಹೊರಡಲಿಲ್ಲ. ಹೆಂಡತಿ, “ನೀನು ಬಿಡುವುದು ಬೇಡ, ಹುಡುಕು. ಕರೆಂಟು ಎಲ್ಲಿ ಸೋರುತ್ತಿದೆ ನೋಡು” ಎಂದಳು.

ಮೂವರೂ ಎದ್ದೆವು. ದೀಪ, ಫ್ಯಾನು ಎಲ್ಲ ಆರಿಸಿ, ಫ್ರಿಜ್ಜಿನ ಪ್ಲಗ್ಗನ್ನೂ ಕಿತ್ತು, ಟಾರ್ಚ್ ಹಿಡಿದು ಮೀಟರಿನ ಮುಂದೆ ನಿಂತೆವು. ಅದರ ಮೇಲೆ 3200 ಎಂದು ಅಚ್ಚಾಗಿತ್ತು. ಅಂದರೆ ಆ ಪುಟ್ಟ ಕೆಂಪು ದೀಪ 3200 ಸಲ ಮಿನುಗಿದರೆ ಒಂದು ಯೂನಿಟ್, 1000 ವ್ಯಾಟ್ ಒಂದು ಗಂಟೆ ಓಡಿದಷ್ಟು ಕರೆಂಟು. ಎಲ್ಲವನ್ನೂ ಆರಿಸಿದ್ದೇವೆಂದು ನಂಬಿದ್ದೆವು. ಕತ್ತಲಲ್ಲಿ ಅದು ಮಿನುಗಿತು. ಮಗಳು ನನ್ನ ಕೈಗಡಿಯಾರ ಕಸಿದುಕೊಂಡು ಎಣಿಸತೊಡಗಿದಳು. ನಲವತ್ತೈದು ಸೆಕೆಂಡಿಗೆ ಮತ್ತೊಮ್ಮೆ. ಇನ್ನೊಂದು ನಲವತ್ತೈದಕ್ಕೆ ಮತ್ತೆ. ಅಲ್ಲೇ ಗೋಡೆಗೆ ಪುಸ್ತಕ ಒತ್ತಿಹಿಡಿದು ಲೆಕ್ಕ ಹಾಕಿದೆವು. ಗಂಟೆಗೆ 80 ಸಲ, ಅಂದರೆ 25 ವ್ಯಾಟ್. ದಿನಕ್ಕೆ 0.6 ಯೂನಿಟ್, ತಿಂಗಳಿಗೆ 18. ಯಾರೂ ಬಳಸದೆ ಖರ್ಚಾಗುತ್ತಿದ್ದ 18 ಯೂನಿಟ್. ಅವಳು ಮನೆಯೊಳಗೆ ಓಡಿದಳು. ರಿಮೋಟಿನಲ್ಲಷ್ಟೇ ಆರಿಸಿದ್ದ ಟಿವಿ, ಅದರ ಕೆಳಗೆ ಕೈಯಿಟ್ಟರೆ ಬೆಚ್ಚಗಿದ್ದ ಸೆಟ್‌ಟಾಪ್ ಬಾಕ್ಸ್, ಇಂಟರ್ನೆಟ್ಟಿನ ಮೋಡೆಮ್. ಒಂದೊಂದನ್ನೇ ಗೋಡೆಯ ಸ್ವಿಚ್ಚಿನಲ್ಲಿ ಆರಿಸಿ “ಈಗ ನೋಡಿ!” ಎಂದು ಕೂಗುತ್ತಿದ್ದಳು. ಆ ಏಳು ವಾರಗಳಲ್ಲಿ ನಮ್ಮ ಮನೆಯಲ್ಲಿ ಯಾರೂ ಅಷ್ಟು ಗಟ್ಟಿಯಾಗಿ ಕೂಗಿರಲಿಲ್ಲ.

ಖರ್ಚಿನ ಪಟ್ಟಿಯ ಒಂದು ಸಾಲಿನ ಮುಂದೆ ಮಾತ್ರ ಇಬ್ಬರೂ ಬಹಳ ಹೊತ್ತು ಪೆನ್ನು ಹಿಡಿದು ಕುಳಿತಿದ್ದೆವು. ಮಗಳಿಗೆ ಸಂಗೀತ ಕಲಿಸುತ್ತಿದ್ದವರ ಶುಲ್ಕ. ಅವರಿಗೆ ಪಾಠವೇ ಜೀವನ. ಆ ತಿಂಗಳಲ್ಲೇ ಮೂವರು ಮಕ್ಕಳು ಪಾಠ ಬಿಟ್ಟಿದ್ದರು. 1930ರ ದಶಕದ ಮಹಾ ಆರ್ಥಿಕ ಕುಸಿತದ ಕಾಲದಲ್ಲಿ ಅರ್ಥಶಾಸ್ತ್ರಜ್ಞ ಜಾನ್ ಮೇನಾರ್ಡ್ ಕೇನ್ಸ್ ಒತ್ತಿಹೇಳಿದ ಮಾತೊಂದಿದೆ: ಎಲ್ಲರೂ ಒಮ್ಮೆಗೇ ಕೈ ಬಿಗಿ ಹಿಡಿದರೆ ಒಬ್ಬರ ಉಳಿತಾಯ ಇನ್ನೊಬ್ಬರ ಆದಾಯದ ನಷ್ಟವಾಗುತ್ತದೆ, ಕೊನೆಗೆ ಎಲ್ಲರೂ ಇನ್ನಷ್ಟು ಬಡವರಾಗುತ್ತಾರೆ. ಓದಿದ್ದಾಗ ತಲೆದೂಗಿದ್ದೆ. ಆ ಇನ್ನೊಬ್ಬರ ಮುಖ ಹೀಗೆ ಕಣ್ಣೆದುರು ನಿಲ್ಲುತ್ತದೆಂದು ಎಣಿಸಿರಲಿಲ್ಲ. ಒಂದು ಮನೆ ಇಡೀ ಮಾರುಕಟ್ಟೆಯನ್ನು ಎತ್ತಿ ನಿಲ್ಲಿಸಲಾರದು. ನಮ್ಮ ಸಾಲವನ್ನು ತೀರಿಸದೆ ಯಾರಿಗೂ ನೆರವಾಗಲಾರೆವು ಎಂಬುದೂ ನಿಜ. ಆದರೂ ಆ ಸಾಲನ್ನು ಹೊಡೆಯಲಿಲ್ಲ. ಅದರ ಬದಲು ನಾನು ವಾಹನ ಬಿಟ್ಟು ಬಸ್ಸಿನಲ್ಲಿ ಕಚೇರಿಗೆ ಹೋಗತೊಡಗಿದೆ, ಆ ಉಳಿತಾಯ ಹೆಚ್ಚುಕಡಿಮೆ ಶುಲ್ಕಕ್ಕೆ ಸರಿಹೊಂದಿತು. ಪ್ರವಾಸಕ್ಕೆ ಮಾತ್ರ ಆ ವರ್ಷ ಕಳಿಸಲಾಗಲಿಲ್ಲ. ಅದನ್ನು ನೆನೆದರೆ ಇಂದಿಗೂ ಮನಸ್ಸು ಭಾರವಾಗುತ್ತದೆ.

ಕಾರ್ಡಿನ ಬಾಕಿ ತೀರಲು ಐದು ತಿಂಗಳು ಹಿಡಿಯಿತು. ಬಾಕಿ ಸೊನ್ನೆ ಎಂದಿದ್ದ ಬಿಲ್ಲನ್ನು ಹೆಂಡತಿ ಅದೇ ನೋಟುಪುಸ್ತಕಕ್ಕೆ ಅಂಟಿಸಿದಳು. ಆಗ ಮೊದಲ ದಿನದ ಪುಟವನ್ನು ಮತ್ತೆ ತೆರೆದು ನೋಡಿದೆ. ನಾವಿಬ್ಬರೂ ಕೂಡಿ ಕಳೆದು ತಿದ್ದಿದ ಅಂಕಿಗಳ ಕೆಳಗೆ, ಪೆನ್ಸಿಲಿನ ದುಂಡನೆಯ ಅಕ್ಷರದಲ್ಲಿ ಮಗಳು ಬರೆದಿದ್ದಳು: “ರಾತ್ರಿ 8 ಗಂಟೆ 20 ನಿಮಿಷ. ಐದು ನಿಮಿಷ ಕಾದೆವು. ದೀಪ ಮಿನುಗಲಿಲ್ಲ.”