ಹಳೇ ಫ್ರೆಂಚ್ ಹಾಡು, ಹೊಸ ಗಂಟಲು

ಅರವತ್ತರ ದಶಕದ ಫ್ರೆಂಚ್ ಪಾಪ್ ಹಾಡುಗಳನ್ನು ಇಂಡೀ ಗಾಯಕರು, ಅಂದರೆ ದೊಡ್ಡ ಕಂಪನಿಗಳ ಹಂಗಿಲ್ಲದೆ ಹಾಡುವವರು, ಮತ್ತೆ ಮತ್ತೆ ಎತ್ತಿಕೊಂಡು ಹಾಡುತ್ತಲೇ ಇರುತ್ತಾರೆ. ಅದರಲ್ಲಿ ಅರ್ಧಕ್ಕರ್ಧ ನನಗೆ ಇಷ್ಟವಾಗುವುದಿಲ್ಲ. ಪಿಸುಗುಟ್ಟುವ ದನಿ, ಹಿಂದೆ ಒಂಚೂರು ಅಕಾರ್ಡಿಯನ್, ವಿಡಿಯೋದಲ್ಲಿ ಪಟ್ಟೆ ಪಟ್ಟೆ ಟೀ ಶರ್ಟ್, ಅಷ್ಟೇ. ಹಾಡು ಏನು ಹೇಳುತ್ತಿದೆ ಅನ್ನುವುದರ ಕಡೆ ಗಮನವೇ ಇರುವುದಿಲ್ಲ. ಆದರೆ ಕೆಲವು ಕವರ್‌ಗಳಿವೆ (ಬೇರೆಯವರ ಹಾಡನ್ನು ಮತ್ತೆ ಹಾಡಿದ್ದು), ಅವನ್ನು ಕೇಳಿದ ಮೇಲೆ ಮೂಲ ಹಾಡೇ ಬೇರೆ ಥರ ಕೇಳಿಸುತ್ತದೆ. ಹಾಡುವವರ ವಯಸ್ಸು ಬೇರೆ, ಬದುಕು ಬೇರೆ. ಅದೇ ಸಾಲು, ಆದರೆ ಈಗ ಅದನ್ನು ಹೇಳುತ್ತಿರುವುದು ಬೇರೆಯವರು.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಕೆನಡಾದ ಆರ್ಕೇಡ್ ಫೈರ್ ಬ್ಯಾಂಡ್ 2007ರಲ್ಲಿ ಹಾಡಿದ 'ಪೂಪೇ ದ ಸೀರ್, ಪೂಪೇ ದ ಸೋಂ'. ಅದರ ಹಿಂದಿನ ಕಥೆ ಗೊತ್ತಿದ್ದರೆ ಅದು ಇನ್ನೂ ಚೆನ್ನಾಗಿ ಹಿಡಿಸುತ್ತದೆ. ಮೂಲ ಹಾಡು ಬರೆದವನು ಫ್ರೆಂಚ್ ಹಾಡುಗಾರ ಸರ್ಜ್ ಗೆನ್ಸ್‌ಬೂರ್, ಹಾಡಿದವಳು ಫ್ರಾನ್ಸ್ ಗಾಲ್ ಅನ್ನುವ ಹುಡುಗಿ. 1965ರಲ್ಲಿ ನೇಪಲ್ಸ್‌ನಲ್ಲಿ ನಡೆದ ಯೂರೋವಿಷನ್, ಅಂದರೆ ಯೂರೋಪಿನ ದೇಶಗಳ ನಡುವಿನ ಹಾಡಿನ ಸ್ಪರ್ಧೆಯಲ್ಲಿ ಲಕ್ಸೆಂಬರ್ಗ್ ಪರವಾಗಿ ಇದನ್ನು ಹಾಡಿ ಗೆದ್ದಳು. ಆಗ ಅವಳಿಗೆ 17 ವರ್ಷ, ಅವನಿಗೆ 36. ಹಾಡಿನಲ್ಲಿ ಹುಡುಗಿ ತಾನೊಂದು ಮೇಣದ ಬೊಂಬೆ ಅನ್ನುತ್ತಾಳೆ, ತನ್ನ ರೆಕಾರ್ಡುಗಳಲ್ಲಿ ಎಲ್ಲರೂ ತನ್ನನ್ನು ನೋಡಬಹುದು ಅನ್ನುತ್ತಾಳೆ, ಹುಡುಗರ ವಿಷಯ ಏನೂ ಗೊತ್ತಿಲ್ಲದೆ ಸುಮ್ನೆ ಪ್ರೀತಿ ಪ್ರೀತಿ ಅಂತ ಹಾಡಿ ಏನು ಬಂತು ಅಂತ ಕೇಳಿಕೊಳ್ಳುತ್ತಾಳೆ. ಯೋಚಿಸಿ ನೋಡಿ. ಆ ಹುಡುಗಿಯ ಬಾಯಿಗೆ ಮಾತು ಕೊಡುತ್ತಿರುವ ದೊಡ್ಡ ಮನುಷ್ಯನೇ ಅವಳ ಕೈಲಿ 'ನಾನು ಬೊಂಬೆ' ಅಂತ ಹಾಡಿಸುತ್ತಿದ್ದಾನೆ. ರಾಗದ ಎಳೆ ಬೀಥೋವನ್‌ನ ಮೊದಲನೇ ಪಿಯಾನೋ ಸೊನಾಟಾದ ಕೊನೆ ಭಾಗದ್ದು, ಓಟ ಕುದುರೆಯದು, ಹಾಗಾಗಿ ಈ ಕ್ರೌರ್ಯ ಮೊದಲ ಸಲ ಯಾರಿಗೂ ಕೇಳಿಸುವುದೇ ಇಲ್ಲ.

ಮರು ವರ್ಷ ಅದೇ ಗೆನ್ಸ್‌ಬೂರ್ ಗಾಲ್‌ಗೆ 'ಲೇ ಸುಸೆತ್' ಬರೆದುಕೊಟ್ಟ. ಲಾಲಿಪಾಪ್ ತಿನ್ನುವ ಹುಡುಗಿಯ ಹಾಡು. ಅದರ ಎರಡನೇ, ಪೋಲಿ ಅರ್ಥ ಊರಿಗೆಲ್ಲ ಗೊತ್ತಾಗಿತ್ತು, ಹಾಡಿದ ಹುಡುಗಿಗೆ ಗೊತ್ತಿರಲಿಲ್ಲ. ಗೊತ್ತಾದಾಗ ತುಂಬಾ ಅವಮಾನವಾಯಿತು ಅಂತ ಆಕೆ ಮುಂದೆ ಹೇಳಿಕೊಂಡಿದ್ದಾಳೆ. ನನಗೆ ಗೆನ್ಸ್‌ಬೂರ್ ದೊಡ್ಡ ಹಾಡುಗಾರ ಅನ್ನುವುದರಲ್ಲಿ ಅನುಮಾನವಿಲ್ಲ, ಆದರೆ ಇದನ್ನು ತಮಾಷೆ ಅಂತ ಬಿಡುವವರನ್ನು ಕಂಡರೆ ಸಿಟ್ಟು ಬರುತ್ತದೆ.

ಈಗ ಆರ್ಕೇಡ್ ಫೈರ್ ಕವರ್ ಕೇಳಿ. ಹಾಡುವವಳು ರೆಜಿನ್ ಶಾಸಾನ್. ಮಾಂಟ್ರಿಯಲ್‌ನಲ್ಲಿ ಹುಟ್ಟಿದವಳು, ಅಪ್ಪ ಅಮ್ಮ ಹೈಟಿಯವರು, ಫ್ರೆಂಚ್ ಮನೆಮಾತು. ತನ್ನ ಬ್ಯಾಂಡಿನ ಹಾಡು ಬರೆಯುವುದರಲ್ಲೂ ಇದ್ದಾಳೆ, ಡ್ರಮ್ಸ್ ಬಾರಿಸುತ್ತಾಳೆ, ಅಕಾರ್ಡಿಯನ್ ನುಡಿಸುತ್ತಾಳೆ. ಇಂಥವಳು 'ನಾನು ಬೊಂಬೆ' ಅಂದರೆ ಅದು ದೂರು ಕೊಟ್ಟ ಹಾಗೆ ಕೇಳಿಸುತ್ತದೆ. ಒಂದು ಪದವನ್ನೂ ಬದಲಾಯಿಸಿಲ್ಲ, ಬದಲಾಯಿಸುವ ಅಗತ್ಯವೇ ಬೀಳಲಿಲ್ಲ.

ಏಪ್ರಿಲ್ ಮಾರ್ಚ್ ಅನ್ನುವ ಗಾಯಕಿ ಹಿಡಿದದ್ದು ಬೇರೆ ದಾರಿ. ಅಮೆರಿಕದವಳು, ಆನಿಮೇಷನ್ ಕೆಲಸ ಮಾಡಿಕೊಂಡಿದ್ದವಳು. ಗಾಲ್ 1964ರಲ್ಲಿ ಹಾಡಿದ 'ಲೆಸ್ಸೆ ತೋಂಬೇ ಲೇ ಫೀಯ್' ಹಾಡನ್ನು 1995ರಲ್ಲಿ ಫ್ರೆಂಚ್‌ನಲ್ಲೂ ಹಾಡಿದಳು, 'ಚಿಕ್ ಹ್ಯಾಬಿಟ್' ಅಂತ ಇಂಗ್ಲಿಷ್‌ನಲ್ಲೂ ಹಾಡಿದಳು. ಇದೂ ಗೆನ್ಸ್‌ಬೂರ್ ಬರೆದದ್ದೇ. ಹುಡುಗಿಯರ ಸಹವಾಸ ಬಿಡು, ಒಂದು ದಿನ ನಿನ್ನನ್ನೇ ಬಿಟ್ಟು ಹೋಗುತ್ತಾರೆ, ಆಗ ನೀನೂ ಅಳುತ್ತೀಯ ಅಂತ ಹುಡುಗನಿಗೆ ಹೇಳುವ ಹಾಡು. ಗಾಲ್ ಬಾಯಲ್ಲಿ ಅದು ಕೊರಗು. ಏಪ್ರಿಲ್ ಮಾರ್ಚ್ ಬಾಯಲ್ಲಿ ನೇರ ಎಚ್ಚರಿಕೆ. ಟ್ಯಾರಂಟಿನೋನ 'ಡೆತ್ ಪ್ರೂಫ್' ಸಿನಿಮಾದ ಕೊನೆಯಲ್ಲಿ ಮೂರು ಜನ ಹೆಂಗಸರು ತಮ್ಮ ಬೆನ್ನು ಹತ್ತಿದ ಕೊಲೆಗಾರನನ್ನು ಹಿಡಿದು ಚಚ್ಚಿದ ಮೇಲೆ ಬರುವುದು ಇದೇ ಹಾಡು. ಅಲ್ಲಿಗೆ ಇದಕ್ಕಿಂತ ಸರಿಯಾದದ್ದು ಸಿಗುತ್ತಿರಲಿಲ್ಲ.

ಲೂನಾ ಬ್ಯಾಂಡ್ 1995ರಲ್ಲಿ ಮಾಡಿದ 'ಬಾನಿ ಅಂಡ್ ಕ್ಲೈಡ್' ಕೂಡ ಚೆನ್ನಾಗಿದೆ. ಮೂಲ ಹಾಡು ಗೆನ್ಸ್‌ಬೂರ್‌ನದ್ದೇ. ಸ್ಟೀರಿಯೋಲ್ಯಾಬ್ ಬ್ಯಾಂಡಿನ ಲೆಟೀಸಿಯಾ ಸಾದಿಯೇ ಜೊತೆಗೆ ಹಾಡಿದ್ದಾಳೆ. ಆದರೆ ಅದು ಮೂಲದ ದಾರಿಯಲ್ಲೇ ಹೋಗುತ್ತದೆ, ಹೆಚ್ಚು ಹೇಳುವುದಿಲ್ಲ. ಫ್ರೆಂಚ್ ಬಾರದ ನಮ್ಮಂಥವರಿಗೆ ಹೆಚ್ಚು ಉಪಕಾರ ಮಾಡಿದವನು ಮಿಕ್ ಹಾರ್ವಿ. ಗಾಯಕ ನಿಕ್ ಕೇವ್ ಜೊತೆ ನುಡಿಸುತ್ತಿದ್ದ ಆಸ್ಟ್ರೇಲಿಯಾದವನು. ಗೆನ್ಸ್‌ಬೂರ್ ಹಾಡುಗಳನ್ನು ಇಂಗ್ಲಿಷ್‌ಗೆ ತಂದು 1995ರಿಂದ 2017ರವರೆಗೆ ನಾಲ್ಕು ಆಲ್ಬಂ ಮಾಡಿದ. ಫ್ರೆಂಚ್ ಸದ್ದಿನ ನುಣುಪು ಹೋಗುತ್ತದೆ, ನಿಜ. ಬದಲಿಗೆ ಆ ಸಾಹಿತ್ಯ ಎಷ್ಟು ಕಹಿ, ಎಷ್ಟು ಜಾಣ ಅನ್ನುವುದು ಗೊತ್ತಾಗುತ್ತದೆ.

ಕೊನೆಗೆ ಇಂಗ್ಲೆಂಡಿನ ಗಾಯಕ ಜಾರ್ವಿಸ್ ಕಾಕರ್. ವೆಸ್ ಆಂಡರ್ಸನ್‌ನ 'ದಿ ಫ್ರೆಂಚ್ ಡಿಸ್ಪ್ಯಾಚ್' ಸಿನಿಮಾ ಜೊತೆಗೆ 2021ರಲ್ಲಿ ಹಳೇ ಫ್ರೆಂಚ್ ಹಾಡುಗಳದ್ದೇ ಒಂದು ಆಲ್ಬಂ ತಂದ. ಅದರಲ್ಲಿ 'ಅಲೀನ್' ಇದೆ. ಕ್ರಿಸ್ತೋಫ್ 1965ರಲ್ಲಿ ಹಾಡಿದ್ದು, ಮರಳಿನ ಮೇಲೆ ಅವಳ ಮುಖ ಬರೆದೆ, ಮಳೆ ಬಂತು, ಅವಳು ಹೋದಳು, ಕೂಗಿದೆ, ಅತ್ತೆ. ಕ್ರಿಸ್ತೋಫ್‌ಗೆ ಆಗಿನ್ನೂ ಇಪ್ಪತ್ತು ತುಂಬುವ ವಯಸ್ಸು. ಅವನು ಕೂಗಿದರೆ ಅವಳು ತಿರುಗಿ ಬಂದರೂ ಬಂದಾಳು ಅನಿಸುತ್ತದೆ. ಐವತ್ತು ದಾಟಿದ ಕಾಕರ್ ಕೂಗಿದರೆ ಹಾಗನಿಸುವುದಿಲ್ಲ, ಅವಳು ಬರುವುದಿಲ್ಲ ಅಂತ ಅವನಿಗೇ ಗೊತ್ತಿದೆ, ಆದರೂ ಕೂಗುತ್ತಾನೆ. ಅವನ ಫ್ರೆಂಚ್ ಉಚ್ಚಾರಣೆಯಲ್ಲಿ ಇಂಗ್ಲೆಂಡ್ ಎದ್ದು ಕಾಣುತ್ತದೆ. ಅದನ್ನು ಬಚ್ಚಿಡಲು ಹೋಗದೇ ಇದ್ದದ್ದು ನನಗೆ ಬಹಳ ಹಿಡಿಸಿತು.

ನನಗಿರುವ ಆಸೆ ಒಂದೇ. ಯಾರಾದರೂ ಗಟ್ಟಿ ಹೆಂಗಸು 'ಲೇ ಸುಸೆತ್' ಎತ್ತಿಕೊಳ್ಳಬೇಕು. ಎಲ್ಲಾ ಅರ್ಥ ಗೊತ್ತಿದ್ದೇ, ನಿಧಾನವಾಗಿ, ಒಂದು ಅಕ್ಷರ ಬದಲಾಯಿಸದೆ ಹಾಡಬೇಕು. ಶಾಸಾನ್ ಹಾಡಿದರೆ ಇನ್ನೂ ಒಳ್ಳೆಯದು.