ಖಾತೆ ಸಂಖ್ಯೆ ಬದಲಾಗಿದೆ ಎಂದ ಒಂದು ಇಮೇಲ್

ಪೀಣ್ಯದ ಯಂತ್ರಭಾಗಗಳ ಕಾರ್ಖಾನೆಯೊಂದರಲ್ಲಿ ಹದಿನಾಲ್ಕು ವರ್ಷಗಳಿಂದ ಲೆಕ್ಕಪತ್ರ ವಿಭಾಗವನ್ನು ನೋಡಿಕೊಳ್ಳುತ್ತಿದ್ದೇನೆ. ಮೋಸದ ಇಮೇಲ್ ಎಂದರೆ ಲಾಟರಿ ಬಂದಿದೆ ಎನ್ನುವುದು, ಆದಾಯ ತೆರಿಗೆ ಮರುಪಾವತಿಗಾಗಿ ಇಲ್ಲಿ ಒತ್ತಿ ಎನ್ನುವುದು, ತಪ್ಪುತಪ್ಪು ಇಂಗ್ಲಿಷಿನಲ್ಲಿ ಬೆದರಿಸುವುದು ಎಂದೇ ನಾನು ತಿಳಿದಿದ್ದೆ. ವಿಭಾಗಕ್ಕೆ ಹೊಸದಾಗಿ ಸೇರಿದವರಿಗೂ ಹಾಗೆಯೇ ಹೇಳಿಕೊಡುತ್ತಿದ್ದೆ. 2023ರಲ್ಲಿ ನಮ್ಮ 4,86,000 ರೂಪಾಯಿ ಕಳೆದುಹೋಗಲು ಕಾರಣವಾದ ಇಮೇಲ್ ಇವುಗಳಲ್ಲಿ ಯಾವುದನ್ನೂ ಹೋಲುತ್ತಿರಲಿಲ್ಲ.

ಅದು ಬಂದದ್ದು ನಮ್ಮ ಹಳೆಯ ಸರಬರಾಜುದಾರರೊಬ್ಬರ ಜೊತೆ ಎರಡು ವಾರಗಳಿಂದ ನಡೆಯುತ್ತಿದ್ದ ಪತ್ರವ್ಯವಹಾರದ ನಡುವೆ. ಕೆಳಗೆ ಹಿಂದಿನ ಎಲ್ಲ ಮಾತುಕತೆಯೂ ಇತ್ತು, ಬಿಲ್ಲಿನ ಸಂಖ್ಯೆ ಮತ್ತು ಮೊತ್ತ ಸರಿಯಾಗಿದ್ದವು, ಅವರ ಲೆಕ್ಕಿಗರು ಸದಾ ಬಳಸುವ ಒಕ್ಕಣೆಯೇ ಇತ್ತು. ಹಳೆಯ ಖಾತೆ ಲೆಕ್ಕಪರಿಶೋಧನೆಯಲ್ಲಿರುವುದರಿಂದ ಈ ಬಾರಿಯ ಹಣವನ್ನು ಹೊಸ ಖಾತೆಗೆ ಹಾಕಬೇಕೆಂಬ ಎರಡು ಸಾಲು ಮಾತ್ರ ಹೊಸದು. ಶುಕ್ರವಾರ ಸಂಜೆ ಮನೆಗೆ ಹೊರಟಿದ್ದ ನಾನು ಅದನ್ನು ಮೊಬೈಲಿನಲ್ಲಿ ಓದಿ, ಒಪ್ಪಿಗೆ ಕೊಟ್ಟೆ. ಮೊಬೈಲಿನ ಪರದೆ ಕಳುಹಿಸಿದವರ ಹೆಸರನ್ನಷ್ಟೇ ತೋರಿಸಿತ್ತು. ಅದರ ಹಿಂದಿದ್ದ ವಿಳಾಸವನ್ನು ಕಂಪ್ಯೂಟರಿನಲ್ಲಿ ನೋಡಿದ್ದು ಮುಂದಿನ ಬುಧವಾರ, ಸರಬರಾಜುದಾರರು ಹಣ ಏಕೆ ಬಂದಿಲ್ಲವೆಂದು ಕೇಳಿದ ಮೇಲೆ. ಇಂಗ್ಲಿಷಿನ ‘ಎಂ’ (m) ಇರಬೇಕಾದ ಕಡೆ, ನೋಡಲು ಅದರಂತೆಯೇ ಕಾಣುವ ‘ಆರ್’ ಮತ್ತು ‘ಎನ್’ (rn) ಅಂಟಿಕೊಂಡು ಕೂತಿದ್ದವು.

ಸರಬರಾಜುದಾರರ ಒಳಮಾತು ಮೋಸಗಾರನಿಗೆ ಹೇಗೆ ಗೊತ್ತಾಯಿತು ಎಂಬುದು ಆಮೇಲೆ ತಿಳಿಯಿತು. ಕೆಲವು ವಾರಗಳ ಹಿಂದೆ ಅವರ ಕಚೇರಿಯ ಒಬ್ಬರು, ಅಂಚೆಪೆಟ್ಟಿಗೆ ತುಂಬಿದೆ ಎಂಬ ಇಮೇಲ್ ನಂಬಿ, ನಕಲಿ ಪುಟದಲ್ಲಿ ಪಾಸ್‌ವರ್ಡ್ ಕೊಟ್ಟಿದ್ದರು. ಒಳಹೊಕ್ಕವನು ಅಲ್ಲಿ ಒಂದು ಫಾರ್ವರ್ಡಿಂಗ್ ನಿಯಮವನ್ನು ಬರೆದಿಟ್ಟಿದ್ದ. ಬಿಲ್ಲು, ಪಾವತಿ ಎಂಬ ಪದಗಳಿದ್ದ ಪ್ರತಿಯೊಂದು ಇಮೇಲಿನ ಪ್ರತಿಯೂ ಅವನಿಗೆ ಹೋಗುತ್ತಿತ್ತು. ಅನುಮಾನ ಬಂದು ಅವರು ಪಾಸ್‌ವರ್ಡ್ ಬದಲಿಸಿದ ಮೇಲೂ ಆ ನಿಯಮ ಹಾಗೆಯೇ ಉಳಿದಿತ್ತು. ಪಾಸ್‌ವರ್ಡ್ ಕಳೆದುಕೊಂಡ ಯಾರೇ ಆಗಲಿ, ಎರಡು ಹಂತದ ದೃಢೀಕರಣವನ್ನು ಹಾಕಿಕೊಳ್ಳುವುದರ ಜೊತೆಗೆ ಈ ನಿಯಮಗಳ ಪಟ್ಟಿಯನ್ನೂ ತೆರೆದು ನೋಡಬೇಕು.

ನಮ್ಮ ಸರ್ವರಿನ ಎಸ್‌ಪಿಎಫ್, ಡಿಕಿಮ್ ಪರೀಕ್ಷೆಗಳಲ್ಲಿ ಆ ಇಮೇಲ್ ತೇರ್ಗಡೆಯಾಗಿತ್ತು. ಅದು ಸಹಜವೇ: ಆ ಪರೀಕ್ಷೆಗಳು ಇಮೇಲ್ ತಾನು ಹೇಳಿಕೊಳ್ಳುವ ಡೊಮೇನಿನಿಂದಲೇ (ವಿಳಾಸದಲ್ಲಿ @ ಗುರುತಿನ ನಂತರ ಬರುವ ಹೆಸರಿನಿಂದಲೇ) ಬಂದಿದೆಯೇ ಎಂದು ಕೇಳುತ್ತವೆ, ಆ ಡೊಮೇನ್ ನಾವು ಅಂದುಕೊಂಡವರದೇ ಎಂದು ಕೇಳುವುದಿಲ್ಲ. ಹೋಲುವ ಹೆಸರಿನ ಡೊಮೇನನ್ನು ಮೋಸಗಾರ ಹಣ ಕೊಟ್ಟೇ ಕೊಂಡಿದ್ದ. ಬ್ಯಾಂಕಿನ ಕಡೆಯೂ ತಡೆಯಿರಲಿಲ್ಲ. ದೊಡ್ಡ ಮೊತ್ತವನ್ನು ಬ್ಯಾಂಕಿನಿಂದ ಬ್ಯಾಂಕಿಗೆ ಕಳುಹಿಸುವ ಆರ್‌ಟಿಜಿಎಸ್‌ನಲ್ಲಿ ಹಣ ಜಮೆಯಾಗುವುದು ಖಾತೆ ಸಂಖ್ಯೆಯ ಮೇಲೆ, ಹೆಸರಿನ ಮೇಲಲ್ಲ. ಕಳುಹಿಸುವ ಮುನ್ನ ಖಾತೆದಾರರ ಹೆಸರನ್ನು ನೋಡುವ ಸೌಲಭ್ಯವನ್ನು 2025ರ ಏಪ್ರಿಲ್ 1ರೊಳಗೆ ಕೊಡಬೇಕೆಂದು ರಿಸರ್ವ್ ಬ್ಯಾಂಕ್ ಆಮೇಲೆ ಬ್ಯಾಂಕುಗಳಿಗೆ ಸೂಚಿಸಿತು. ಇಂದು ನನ್ನ ವಿಭಾಗದಲ್ಲಿ ಯಾರೂ ಅದನ್ನು ನೋಡದೆ ಹಣ ಕಳುಹಿಸುವಂತಿಲ್ಲ.

ಬುಧವಾರವೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ, ನಮ್ಮ ಬ್ಯಾಂಕಿಗೆ ತಿಳಿಸಿ, ಸೈಬರ್ ಅಪರಾಧಗಳನ್ನು ನೋಡಿಕೊಳ್ಳುವ ಸಿಇಎನ್ ಪೊಲೀಸ್ ಠಾಣೆಯಲ್ಲಿ ದೂರು ಕೊಟ್ಟೆವು. ಆ ವೇಳೆಗೆ ಹಣ ನಾಲ್ಕಾರು ಖಾತೆಗಳಿಗೆ ಹಂಚಿಹೋಗಿತ್ತು. ತಡೆಹಿಡಿಯಲಾದದ್ದು 61,000 ರೂಪಾಯಿ, ಅದೂ ನ್ಯಾಯಾಲಯದ ಆದೇಶ ಪಡೆದ ಮೇಲೆ ಕೈಸೇರಿತು. ಶುಕ್ರವಾರ ರಾತ್ರಿಯೇ ಕರೆ ಮಾಡಿದ್ದರೆ ಎಂಬ ಕೊರಗು ನನಗೆ ಇಂದಿಗೂ ಇದೆ.

ಒಂದು ವಿವರ ನನ್ನನ್ನು ಬಹಳ ಕಾಡಿತು. ಆ ಇಮೇಲಿನ ಕೊನೆಯಲ್ಲಿ, ಸಹಿಯ ಕೆಳಗೆ ಇದ್ದ ದೂರವಾಣಿ ಸಂಖ್ಯೆಯನ್ನೂ ಬದಲಿಸಲಾಗಿತ್ತು. ನಾನು ಎಚ್ಚರ ವಹಿಸಿ ಅಲ್ಲಿಗೇ ಕರೆ ಮಾಡಿದ್ದರೆ, ಹೌದು ಸಾರ್, ಹೊಸ ಖಾತೆಯೇ ಎಂದು ಮೋಸಗಾರನೇ ಉತ್ತರಿಸುತ್ತಿದ್ದ. ಆದ್ದರಿಂದ ನಾವು ಬರೆದುಕೊಂಡ ಮೊದಲ ಕಟ್ಟಳೆ ಇದು: ಖಾತೆ ಬದಲಾವಣೆಯ ಕೋರಿಕೆ ಯಾವ ದಾರಿಯಿಂದ ಬಂತೋ ಆ ದಾರಿಯಲ್ಲಿ ಅದನ್ನು ಖಚಿತಪಡಿಸಿಕೊಳ್ಳಬಾರದು. ಸರಬರಾಜುದಾರರು ಮೊದಲ ಬಾರಿ ನೋಂದಾಯಿಸಿದಾಗ ಕಡತಕ್ಕೆ ಸೇರಿದ ಸಂಖ್ಯೆಗೆ ಒಬ್ಬರು ಕರೆ ಮಾಡುತ್ತಾರೆ, ಮತ್ತೊಬ್ಬರು ರದ್ದುಗೊಳಿಸಿದ ಚೆಕ್ಕನ್ನು ನೋಡಿ ಸಹಿ ಹಾಕುತ್ತಾರೆ. ಮೊಬೈಲಿನಿಂದ ಒಪ್ಪಿಗೆ ಕೊಡುವುದು ನಿಂತಿದೆ. ತುರ್ತು ಎಂದು ಮಾಲೀಕರ ಹೆಸರಿನಲ್ಲಿ ಬಂದ ಇಮೇಲಿಗೂ ಇದೇ ಕ್ರಮ, ಮತ್ತು ಮಾಲೀಕರು ಅದನ್ನು ಬರಹದಲ್ಲಿ ಒಪ್ಪಿದ್ದಾರೆ. ಅವರ ಒಪ್ಪಿಗೆಯಿಲ್ಲದೆ ಕಿರಿಯ ಗುಮಾಸ್ತರೊಬ್ಬರು ಧೈರ್ಯವಾಗಿ ಹಣ ತಡೆಯುತ್ತಾರೆಂದು ನಿರೀಕ್ಷಿಸುವುದು ನ್ಯಾಯವಲ್ಲ.

ಕಳೆದ ತಿಂಗಳು ಮತ್ತೊಬ್ಬ ಸರಬರಾಜುದಾರರ ಖಾತೆ ನಿಜವಾಗಿಯೇ ಬದಲಾಯಿತು. ಇಷ್ಟು ವರ್ಷದ ಪರಿಚಯವಿದ್ದರೂ ನಂಬುವುದಿಲ್ಲವೇ ಎಂದು ಅವರು ನಮ್ಮ ವಿಭಾಗದ ಹುಡುಗಿಯ ಮೇಲೆ ಬೇಸರಪಟ್ಟರು. ಅವಳು ಮಣಿಯಲಿಲ್ಲ. ಮರುದಿನ ಅವರು ಚೆಕ್ಕಿನ ಜೊತೆ ಒಬ್ಬರನ್ನು ಕಳುಹಿಸಿಕೊಟ್ಟರು, ಮಧ್ಯಾಹ್ನ ಹಣ ಹೋಯಿತು.